ಮಿರ್ಕಾಬಿನಲ್ಲಿ ಹೊಲಿದ ರೋಮನ್ ಸೈನ್ಯ

ಗಲ್ಫಿನಲ್ಲಿ ನಿವೃತ್ತಿ ಎಂಬುದು ಇಲ್ಲ. ಊರಲ್ಲಾದರೆ ಮೇಷ್ಟ್ರಿಗೆ, ಬ್ಯಾಂಕಿನವರಿಗೆ ಹಾರ ಹಾಕಿ, ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೈಗಿತ್ತು, ಕೆಲಸದಲ್ಲಿದ್ದಾಗ ಕೊಡದ ಮರ್ಯಾದೆಯನ್ನೆಲ್ಲ ಒಂದೇ ಸಂಜೆಯಲ್ಲಿ ಕೊಟ್ಟು ಮುಗಿಸುತ್ತಾರೆ. ಇಲ್ಲಿ ವೀಸಾ ಕ್ಯಾನ್ಸಲ್ ಮಾಡುತ್ತಾರೆ. ನನ್ನದೂ ಆಗುವುದರಲ್ಲಿದೆ. ಕುವೈತಿನ ಮಿರ್ಕಾಬ್ ಪೇಟೆಯ ಅಂಗಡಿಯ ಕೆಲಸ ಬಿಟ್ಟು, ಊರಿಗೆ ಹೊರಡುವ ತನಕ ಸಾಲ್ಮಿಯಾದಲ್ಲಿ ಮಗಳ ಮನೆಯಲ್ಲಿದ್ದೇನೆ. ನನ್ನ ಕುರ್ಚಿಗೆ ಮೂಡುಬಿದಿರೆ ಕಡೆಯಿಂದ ಯತೀಶ್ ಎಂಬವರು ಬರುತ್ತಿದ್ದಾರೆ. ನನ್ನ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಯಾರ ಕೈಯಲ್ಲಿತ್ತೋ ಆ ಕಫೀಲ್, ಅಂಗಡಿಯ ಯಜಮಾನರಾದ ಬೂ ಫೈಸಲ್, "ವಾಸು, ಹೊಸಬನಿಗೆ ಎಲ್ಲ ಹೇಳಿಕೊಡು" ಎಂದರು. ಎಲ್ಲ ಎಂದರೆ ಎಷ್ಟು ಎಂದು ಅವರಿಗೂ ಗೊತ್ತಿಲ್ಲ. ಹಾಗಾಗಿ ಬರೆದೇ ಇಡುತ್ತಿದ್ದೇನೆ. ಯತೀಶ್, ಇದು ನಿಮಗೆ. ನಿಮ್ಮ ಹಾಗೆ ಈ ವಿಚಿತ್ರ ಕಸುಬಿಗೆ ಬಂದು ಬೀಳುವ ಬೇರೆಯವರು ಯಾರಾದರೂ ಇದ್ದರೆ ಅವರಿಗೂ.

ನಾನು ಬಂದಾಗ ಅದು ವೇಷಭೂಷಣದ ಅಂಗಡಿ. ಇಂಡಿಯನ್ ಸ್ಕೂಲುಗಳ ಆ್ಯನ್ಯುವಲ್ ಡೇ, ಸಂಘಗಳ ನಾಟಕ, ಫ್ಯಾನ್ಸಿ ಡ್ರೆಸ್, ಇಷ್ಟೇ ನಮ್ಮ ಜಗತ್ತು. ಒಂದೇ ಜರಿಯ ನಿಲುವಂಗಿ ಸೋಮವಾರ ಮರಾಠಾ ರಾಜನಿಗೆ, ಬುಧವಾರ ರಜಪೂತನಿಗೆ, ಗುರುವಾರ ಮೊಘಲ್ ಬಾದಷಾನಿಗೆ ಹೋಗುತ್ತಿತ್ತು. ಪೇಟ ಮಾತ್ರ ಬೇರೆ. ಭಾರತದ ಚರಿತ್ರೆಯಲ್ಲಿ ಯಾರು ಯಾರೊಂದಿಗೆ ಹೊಡೆದಾಡಿದರೋ, ನಮ್ಮ ಅಂಗಡಿಯಲ್ಲಿ ಎಲ್ಲರೂ ಒಂದೇ ಅಂಗಿಯಲ್ಲಿ ರಾಜಿಯಾಗಿದ್ದರು.

ವೇಷ ಹೊಲಿಯುವವನಿಗೆ ಒಂದೇ ನಿಯಮ. ಹತ್ತನೇ ಸಾಲಿನಲ್ಲಿ ಕುಳಿತ ತಾಯಿಗೆ ತನ್ನ ಮಗು ರಾಜನಂತೆ ಕಾಣಬೇಕು. ಹತ್ತಿರದಿಂದ ಯಾರೂ ನೋಡುವುದಿಲ್ಲ, ನೋಡುವ ಹಕ್ಕೂ ಯಾರಿಗೂ ಇಲ್ಲ. ಗುಂಡಿಯ ಕೆಳಗೆ ವೆಲ್ಕ್ರೋ, ದಾರ ಕಟ್ಟುವಲ್ಲಿ ಪ್ರೆಸ್ ಬಟನ್, ಚಿನ್ನ ಬೇಕಾದಲ್ಲಿ ಸ್ಪ್ರೇ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವುದರೊಳಗೆ ಮಗು ರಾಣಿಯಿಂದ ನವಿಲಾಗಬೇಕು. ಅದಕ್ಕೆ ತಕ್ಕ ಹಾಗೆ ಹೊಲಿಯುವುದು ಸಣ್ಣ ವಿದ್ಯೆ ಅಲ್ಲ ಎಂದು ನಾನು ಈಗಲೂ ಹೇಳುತ್ತೇನೆ.

ರೋಮನ್ನರೂ ನಮಗೆ ಹೊಸಬರಾಗಿರಲಿಲ್ಲ. ನಮ್ಮ ಮಂಗಳೂರಿನ ಕ್ರಿಶ್ಚಿಯನ್ನರು ಗುಡ್ ಫ್ರೈಡೆ ಸಮಯಕ್ಕೆ ಯೇಸುವಿನ ಶ್ರಮೆಯ ನಾಟಕ ಮಾಡುವಾಗ ನಾಲ್ವರು ಸೈನಿಕರು ಬೇಕಾಗುತ್ತಿದ್ದರು. ಅದಕ್ಕೆ ನನ್ನದೇ ಒಂದು ಮಾದರಿ ಇತ್ತು. ಸೋಫಾಕ್ಕೆ ಹಾಕುವ ಕಂದು ರೆಕ್ಸಿನ್ ಸೀಳಿ ಲಂಗ, ಎದೆಗೆ ಬೆಳ್ಳಿ ಬಣ್ಣದ ಫೋಮ್ ಶೀಟು, ತಲೆಗೆ ಪ್ಲಾಸ್ಟಿಕ್ ಟೊಪ್ಪಿ, ಟೊಪ್ಪಿಯ ಮೇಲೆ ನೆಲ ಉಜ್ಜುವ ಬ್ರಶ್ಶಿನ ಅರ್ಧ ಭಾಗಕ್ಕೆ ಕೆಂಪು ಬಣ್ಣ. ನೋಡಿದವರು ಹೌದು ಹೌದು ಎನ್ನುತ್ತಿದ್ದರು. ಯೇಸುವಿನ ಪಾತ್ರ ಮಾಡಿದವರು ಒಮ್ಮೆ, ಸೈನಿಕರನ್ನು ನೋಡಿ ನಿಜಕ್ಕೂ ಹೆದರಿಕೆ ಆಯಿತು ಎಂದಿದ್ದರು.

ನನ್ನ ಜೊತೆ ಅಂಗಡಿಯಲ್ಲಿ ಇದ್ದವರು ಉಳ್ಳಾಲದ ಇಸ್ಮಾಯಿಲ್ ಬ್ಯಾರಿ. ಚೀಲ, ಬೆಲ್ಟು, ಚಪ್ಪಲಿ, ಚರ್ಮದ ಕೆಲಸ ಏನಿದ್ದರೂ ಅವರದ್ದು. ನಾನವರನ್ನು ಬ್ಯಾರಿಗಳೇ ಎನ್ನುತ್ತಿದ್ದೆ, ಅವರು ನನ್ನನ್ನು ವಾಸಣ್ಣ ಎನ್ನುತ್ತಿದ್ದರು, ವಯಸ್ಸಿನಲ್ಲಿ ಅವರೇ ದೊಡ್ಡವರಾದರೂ. ಮಾತೆಲ್ಲ ತುಳುವಿನಲ್ಲಿ, ಪರಂಚುವುದು ಮಾತ್ರ ಬ್ಯಾರಿ ಭಾಷೆಯಲ್ಲಿ. ಊರಲ್ಲಿ ಅವರ ಮನೆಯ ಗೋಡೆ ಎದ್ದು ನಿಂತಿತ್ತು, ಸ್ಲ್ಯಾಬ್ ಬಿದ್ದಿರಲಿಲ್ಲ.

ಆಮೇಲೆ ಚೀನಾದಿಂದ ಪ್ಯಾಕೆಟ್ಟಿನಲ್ಲಿ ರೆಡಿ ವೇಷ ಬರತೊಡಗಿತು. ಮೊಬೈಲಿನಲ್ಲಿ ಒತ್ತಿದರೆ ಮರುದಿನ ಮನೆ ಬಾಗಿಲಿಗೆ ರಾಜ, ರಾಣಿ, ನವಿಲು, ಮಾವಿನಹಣ್ಣು. ನಮ್ಮ ಅಂಗಡಿಯ ಇಸ್ತ್ರಿಪೆಟ್ಟಿಗೆ ಬಿಸಿಯಾಗದ ದಿನಗಳು ಹೆಚ್ಚಾದವು. ಬೂ ಫೈಸಲ್ ಬಂದು ಅಂಗಡಿಯ ಗೋಡೆಗಳನ್ನು ನೋಡುತ್ತ ನಿಲ್ಲತೊಡಗಿದರು. ಕಫೀಲ್ ಗೋಡೆ ನೋಡತೊಡಗಿದರೆ ಕೆಲಸದವನು ಎಚ್ಚರವಾಗಬೇಕು. ಅವರು ಕೊನೆಗೆ ಹೇಳಿಯೇಬಿಟ್ಟರು, "ವಾಸು, ಒಬ್ಬ ಮೊಬೈಲ್ ಕವರ್ ಮಾರುವವನು ಈ ಜಾಗ ಕೇಳ್ತಿದ್ದಾನೆ. ಈ ಸೀಸನ್ ನೋಡ್ತೇನೆ. ಆಮೇಲೆ ಖಲಾಸ್." ಅಂಗಡಿ ಖಲಾಸ್ ಎಂದರೆ ನಮ್ಮಿಬ್ಬರ ಇಕಾಮಾ ಖಲಾಸ್. ಇಸ್ಮಾಯಿಲ್ ಬ್ಯಾರಿ ಅಂದು ಮಧ್ಯಾಹ್ನ ಊಟವನ್ನೇ ಮಾಡಲಿಲ್ಲ.

ಆ ಸೀಸನ್ನಿನಲ್ಲೇ ಡಾಕ್ಟರ್ ನಾಸರ್ ಬಂದರು.

ಸಾಲ್ಮಿಯಾದಲ್ಲಿ ಒಂದು ಪಾಸ್ತಾ ಹೋಟೆಲ್ ಶುರುವಾಗುವಾಗ ಬಾಗಿಲಲ್ಲಿ ಇಬ್ಬರು ರೋಮನ್ ಸೈನಿಕರನ್ನು ನಿಲ್ಲಿಸಿದ್ದರು. ವೇಷ ನಮ್ಮದೇ. ಅದರ ಫೋಟೋ ಮೊಬೈಲಿನಲ್ಲಿ ಹಿಡಿದುಕೊಂಡು, ಬಿಳಿ ದಿಶ್‌ದಾಶಾ ನಿಲುವಂಗಿ ಹಾಕಿದ ಎತ್ತರದ ಕುವೈತಿ ಒಬ್ಬರು ಒಳಗೆ ಬಂದು, "ಇದನ್ನು ಮಾಡಿದ್ದು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇನ್ನೊಂದು ಆರ್ಡರ್ ಬಂತೆಂದು ನಾನು ಎದೆ ಮುಂದೆ ಮಾಡಿ "ನಾನೇ" ಎಂದೆ. ಅವರು ಕುರ್ಚಿಯಲ್ಲಿ ಕುಳಿತು ಕೆನ್ನೆಗೆ ಕೈ ಕೊಟ್ಟರು. ಅವರು ಹಲ್ಲಿನ ಡಾಕ್ಟರು ಎಂದು ಆಮೇಲೆ ಗೊತ್ತಾಯಿತು. ಆ ಕ್ಷಣಕ್ಕೆ ಹಲ್ಲು ನೋವಿನವರು ಎಂದೇ ನಾನು ತಿಳಿದದ್ದು.

ಅವರು ಇಂಗ್ಲೆಂಡಿನಲ್ಲಿ ಓದುವಾಗ ಒಂದು ಗುಂಪು ಸೇರಿದ್ದರಂತೆ. ಅಲ್ಲಿ ವಾರವಿಡೀ ಲೆಕ್ಕ ಬರೆಯುವವರು, ನಲ್ಲಿ ರಿಪೇರಿ ಮಾಡುವವರು ರಜೆಯ ದಿನ ಎರಡು ಸಾವಿರ ವರ್ಷ ಹಿಂದಿನ ರೋಮನ್ ಸೈನಿಕರಾಗಿ ಡೇರೆ ಹಾಕಿ ಇರುತ್ತಾರಂತೆ. ಈಗ ಕುವೈತಿನಲ್ಲೂ ಅಂಥದ್ದೊಂದು ಎಂಟು ಜನರ ಪಡೆ ಕಟ್ಟುತ್ತಿದ್ದಾರೆ. ನನಗೆ ಅರ್ಥವಾದದ್ದು ನಾಟಕ ಕಂಪನಿ ಎಂದು.

"ಮಾತು ಉಂಟಾ ಡಾಕ್ಟರ್?" ಎಂದು ಕೇಳಿದೆ.

"ಇಲ್ಲ."

"ಹಾಡು?"

"ಇಲ್ಲ."

"ನೋಡಲಿಕ್ಕೆ ಜನ ಬರ್ತಾರಾ?"

"ಬಂದರೆ ಬರಲಿ. ನಮಗೆ ಬೇಕಾಗಿಲ್ಲ. ನಾವು ಅವರ ಹಾಗೆ ಇರ್ತೇವೆ, ಅಷ್ಟೇ. ಎಂಟು ಜನ ಒಂದು ಡೇರೆಯಲ್ಲಿ ಮಲಗ್ತೇವೆ. ಗೋಧಿ ಬೀಸಿ ರೊಟ್ಟಿ ಸುಡ್ತೇವೆ. ನೀರು ಹೊತ್ತು ತರ್ತೇವೆ."

ಡಾಕ್ಟರು ಹೋದ ಮೇಲೆ ಇಸ್ಮಾಯಿಲ್ ಬ್ಯಾರಿ ಹೇಳಿದರು, "ಎಂತ ಮಾರಾಯ್ರೆ ಇದು! ಎಂಟು ಜನ ಒಂದೇ ರೂಮಲ್ಲಿ ಮಲಗ್ಲಿಕ್ಕೆ, ರೊಟ್ಟಿ ಸುಡ್ಲಿಕ್ಕೆ, ನೀರು ಹೊರ್ಲಿಕ್ಕೆ ಮರುಭೂಮಿಗೆ ಯಾಕೆ ಹೋಗ್ಬೇಕು? ನಮ್ಮ ಬ್ಯಾಚುಲರ್ ರೂಮಿಗೆ ಬರ್ಲಿ. ಬಾಡಿಗೆಯಲ್ಲಿ ಪಾಲು ಕೊಟ್ರೆ ಸಾಕು."

ಆದರೆ ಬೂ ಫೈಸಲ್‌ಗೆ ಡಾಕ್ಟರರ ಮಾತು ಹಿಡಿಸಿತು. ಚಳಿಗಾಲದ ಕ್ಯಾಂಪಿಗೆ ಜರ್ಮನಿಯಿಂದ ಒಬ್ಬ ಪ್ರೊಫೆಸರ್ ಬರುತ್ತಾರೆ. ಅವರು ಪಡೆಯನ್ನು ನೋಡಿ ಸರಿ ಎಂದರೆ ಯುರೋಪಿನ ಇಂಥ ಗುಂಪುಗಳೆಲ್ಲ ನಮ್ಮ ಅಂಗಡಿಗೇ ಆರ್ಡರ್ ಕೊಡುತ್ತವೆ. ಸರಿಯಿಲ್ಲ ಎಂದರೆ ಮೊಬೈಲ್ ಕವರ್. ಬೂ ಫೈಸಲ್ ಇಷ್ಟನ್ನು ನನಗೆ ಹೇಳಿ, ಎರಡು ಬೆರಳು ಕತ್ತರಿ ಮಾಡಿ ತೋರಿಸಿದರು. ಇದರಲ್ಲಿ ತಿಳಿಯದೇ ಇರುವಂಥದ್ದು ಏನೂ ಇರಲಿಲ್ಲ.

ಮೊದಲು ಅಂಗಿ. ಮೂವತ್ತು ವರ್ಷ ಕಟಿಂಗ್ ಮಾಡಿದವನು ನಾನು. ಮೈ ನೋಡಿಯೇ ಭುಜದ ಇಳಿಜಾರು ಹೇಳುತ್ತಿದ್ದೆ. ಡಾಕ್ಟರು ನನ್ನ ಮುಂದೆ ಒಂದು ಚಿತ್ರ ಇಟ್ಟರು. ಎರಡು ಚೌಕ ಉಣ್ಣೆ ಬಟ್ಟೆ, ಬದಿಗೆ ಹೊಲಿಗೆ, ತಲೆಗೆ ಒಂದು ಸೀಳು. ಕಂಕುಳಿಗೆ ಕಟಿಂಗ್ ಇಲ್ಲ, ಭುಜಕ್ಕೆ ಶೇಪ್ ಇಲ್ಲ. ಅಂಗಿಯ ಅಗಲಕ್ಕೆ ಒಬ್ಬರ ಜೊತೆ ಇನ್ನೊಬ್ಬರೂ ಒಳಗೆ ಹೋಗಬಹುದಿತ್ತು. ನಾನು ತಡೆಯಲಾರದೆ ಸೊಂಟದಲ್ಲಿ ಸ್ವಲ್ಪ ಒಳಗೆ ತೆಗೆದುಕೊಂಡೆ. ಹಾಕಿಕೊಂಡು ನೋಡಿದ ಡಾಕ್ಟರು, "ವಾಸು, ಇದು ಬಹಳ ಚೆನ್ನಾಗಿ ಕೂತಿದೆ" ಎಂದರು. ನಾನು ಹಿಗ್ಗಿದೆ. "ಅದಕ್ಕೇ ಇದು ತಪ್ಪು" ಎಂದು ಬಿಚ್ಚಿ ಕೊಟ್ಟರು. ಚೆನ್ನಾಗಿ ಕೂತದ್ದೇ ತಪ್ಪಾಗುವ ಹೊಲಿಗೆಯನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ.

ಮಷಿನ್ ಮುಟ್ಟುವ ಹಾಗಿಲ್ಲ. ನಾರಿನ ದಾರಕ್ಕೆ ಜೇನುಮೇಣ ತಿಕ್ಕಿ ಕೈಯಲ್ಲೇ ಹೊಲಿಯಬೇಕು. ಯತೀಶ್, ಇದೊಂದನ್ನು ಚೆನ್ನಾಗಿ ಕೇಳಿಸಿಕೊಳ್ಳಿ. ಯಾರೂ ನೋಡದ ಒಳಬದಿ ಎಂಬುದು ಈ ಕೆಲಸದಲ್ಲಿ ಇಲ್ಲ. ಎಂಟು ಅಂಗಿಗಳ ಪೈಕಿ ಒಂದರ ಬದಿಯ ಹೊಲಿಗೆಯನ್ನು ನಾನು ಮಷಿನ್ನಿಗೆ ಕೊಟ್ಟು, ಮೇಲಿಂದ ಕೈಹೊಲಿಗೆಯನ್ನು ಎಳೆದು ಮುಚ್ಚಿದೆ. ನನ್ನ ಕಣ್ಣಿಗೇ ಗೊತ್ತಾಗುತ್ತಿರಲಿಲ್ಲ. ಡಾಕ್ಟರು ಕ್ಲಿನಿಕ್ಕಿನಿಂದ ಸೀದಾ ಬಂದರು, ಕನ್ನಡಕಕ್ಕೆ ಸಿಕ್ಕಿಸುವ ಭೂತಗನ್ನಡಿ ಹಾಕಿಕೊಂಡರು, ಬಾಯಿಯೊಳಗೆ ನೋಡುವ ಆ ಪುಟ್ಟ ಕನ್ನಡಿಯನ್ನು ಅಂಗಿಯ ಒಳಗೆ ತೂರಿಸಿ ನಿಧಾನಕ್ಕೆ ತಿರುಗಿಸಿದರು. ಒಂದು ಕಡೆ ಕನ್ನಡಿ ನಿಂತಿತು.

"ಇಲ್ಲಿ ಹುಳುಕು ಉಂಟು" ಎಂದರು. "ಕೀಳಬೇಕು."

ಬಣ್ಣದ ವಿಷಯಕ್ಕೆ ನೀವು ಬಾಯಿ ಹಾಕಬೇಡಿ. ರೋಮನ್ ಸೈನಿಕನ ಅಂಗಿ ಕೆಂಪೋ, ಬಣ್ಣವಿಲ್ಲದ ಉಣ್ಣೆಯೋ ಎಂಬುದು ಅವರೊಳಗೆ ಇನ್ನೂ ತೀರ್ಮಾನವಾಗಿಲ್ಲ. ಪಡೆಯ ಒಬ್ಬ ಇಂಗ್ಲಿಷ್ ಮೇಷ್ಟ್ರು ಕೆಂಪಿನವರು, ಈಜಿಪ್ಟಿನ ಅಕೌಂಟೆಂಟ್ ಒಬ್ಬರು ಬಿಳಿಯವರು. ಇಬ್ಬರೂ ನಮ್ಮ ಅಂಗಡಿಯಲ್ಲಿ ನಿಂತು ಜಗಳವಾಡಿ, ಒಬ್ಬರಿಗೊಬ್ಬರು ಮಾತು ಬಿಟ್ಟರು. ಒಂದೇ ಡೇರೆಯಲ್ಲಿ ಮಲಗುವವರು ವಾಟ್ಸಾಪಿನಲ್ಲಿ ಡಾಕ್ಟರರ ಮೂಲಕ ಮಾತನಾಡುತ್ತಿದ್ದರು. ಕೊನೆಗೆ ನಾಲ್ಕು ಕೆಂಪು, ನಾಲ್ಕು ಬಿಳಿ ಎಂದಾಯಿತು. ಎರಡು ಹೆಚ್ಚಿನ ಅಂಗಿಯನ್ನೂ ಹೊಲಿಸಿದರು, ಯಾರಾದರೂ ಮನಸ್ಸು ಬದಲಿಸಿದರೆ ಇರಲಿ ಎಂದು.

ಚಪ್ಪಲಿ ಇಸ್ಮಾಯಿಲ್ ಬ್ಯಾರಿಯ ಪಾಲಿಗೆ ಬಂತು. ಪಟ್ಟಿಪಟ್ಟಿಯಾಗಿ ಕತ್ತರಿಸಿದ ಚರ್ಮ, ಅಟ್ಟೆಗೆ ಸಾಲುಸಾಲು ಕಬ್ಬಿಣದ ಮೊಳೆ. ಮಾಡಿದ್ದು ಚೆಂದವೇ ಇತ್ತು. ಆದರೆ ಕೊಡುವ ಮೊದಲು ಬ್ಯಾರಿಗಳು ಎಂಟು ಜೋಡಿಗೂ ಪಾಲಿಶ್ ಹಾಕಿ, ಮುಖ ಕಾಣುವ ಹಾಗೆ ತಿಕ್ಕಿಟ್ಟರು. ಚಪ್ಪಲಿ ಕಂಡ ಡಾಕ್ಟರರಿಗೆ ಅಳು ಬರುವುದೊಂದು ಬಾಕಿ.

"ಆ ಕಾಲದಲ್ಲಿ ಇಲ್ಲದ ಪಾಲಿಶ್ ಯಾಕೆ ಹಾಕಿದ್ದು ಇಸ್ಮಾಯಿಲ್ ಭಾಯಿ?"

"ಪಾಲಿಶ್ ಹಾಕದೆ ಕೊಡುವುದು ಹೇಗೆ ಡಾಕ್ಟರ್ ಸಾಬ್? ನಮಗೂ ಒಂದು ಮರ್ಯಾದೆ ಇಲ್ವಾ?"

ಪಾಲಿಶ್ ಕುಡಿದ ಚರ್ಮ ಮತ್ತೆ ಕಕ್ಕುವುದಿಲ್ಲ. ಎಂಟು ಜೋಡಿಯನ್ನೂ ಹೊಸದಾಗಿ ಮಾಡಬೇಕಾಯಿತು. ಬ್ಯಾರಿಗಳು ಆ ವಾರವಿಡೀ ತಮ್ಮ ಭಾಷೆಯಲ್ಲಿ ಪರಂಚಿದರು. ಅದರಲ್ಲಿ ರೋಮ್ ಎಂಬ ಶಬ್ದ ಮಾತ್ರ ನನಗೆ ತಿಳಿಯಿತು.

ಹೊಸ ಜೋಡಿ ಮೊದಲು ಹಾಕಿದ್ದು ಡಾಕ್ಟರೇ. ರುಮೈಥಿಯಾದ ಅವರ ಮನೆಗೆ ಅಳತೆಗೆಂದು ನಾವಿಬ್ಬರೂ ಹೋಗಿದ್ದೆವು. ಅತಿಥಿಗಳನ್ನು ಕೂರಿಸುವ ದಿವಾನಿಯಾದ ನೆಲ ಪೂರ್ತಿ ಅಮೃತಶಿಲೆ. ಮೊಳೆಯ ಚಪ್ಪಲಿಯಲ್ಲಿ ನಾಲ್ಕು ಹೆಜ್ಜೆ ಠೀವಿಯಿಂದ ಹೋದವರು ಐದನೆಯದಕ್ಕೆ ಕಾಲು ಜಾರಿ, ಚಹಾದ ತಟ್ಟೆಯನ್ನೂ ಸೇರಿಸಿಕೊಂಡು, ಗೋಡೆಯ ತನಕ ಕುಳಿತಲ್ಲೇ ಹೋದರು. ನಾವು ಓಡಿ ಎತ್ತಿದೆವು. ನಮ್ಮ ಕಥೆ ಮುಗಿಯಿತು ಎಂದುಕೊಂಡೆ. ಡಾಕ್ಟರರ ಮುಖ ನೋಡಿದರೆ ಹಬ್ಬ.

"ಸಾಕ್ಷಿ ಉಂಟು!" ಎಂದರು ಸೊಂಟ ಹಿಡಿದುಕೊಂಡು. "ಕಲ್ಲು ಹಾಸಿದ ನೆಲದ ಮೇಲೆ ಒಬ್ಬ ಸೈನಿಕ ಮೊಳೆ ಚಪ್ಪಲಿಯಿಂದ ಹೀಗೇ ಜಾರಿಬಿದ್ದ ಎಂದು ಆ ಕಾಲದವರು ಬರೆದಿಟ್ಟಿದ್ದಾರೆ. ಚಪ್ಪಲಿ ಸರಿ ಆಗಿದೆ, ಇಸ್ಮಾಯಿಲ್ ಭಾಯಿ!"

ಆವತ್ತು ನನಗೆ ಈ ಜನರ ಮರ್ಮ ತಿಳಿಯಿತು. ಇವರಿಗೆ ಸೊಂಟ ಮುರಿದರೂ ಬೇಜಾರಿಲ್ಲ, ಮುರಿದದ್ದಕ್ಕೆ ಹಳೆಯ ಪುಸ್ತಕದಲ್ಲಿ ಆಧಾರ ಇರಬೇಕು.

ಟೊಪ್ಪಿಯದ್ದು ಇನ್ನೊಂದು ಗಮ್ಮತ್ತು. ಕಬ್ಬಿಣದ ಕವಚ, ಕತ್ತಿ, ಶಿರಸ್ತ್ರಾಣ ಯುರೋಪಿನಿಂದಲೇ ಬರಬೇಕು, ಇಲ್ಲಿಯ ಪ್ಲಾಸ್ಟಿಕ್ ಆಗದು ಎಂದು ಡಾಕ್ಟರು ಪಟ್ಟು ಹಿಡಿದಿದ್ದರು. ತಿಂಗಳುಗಟ್ಟಲೆ ಕಾದ ಮೇಲೆ ದೊಡ್ಡ ಪೆಟ್ಟಿಗೆ ಬಂತು. ಅಂಗಡಿಯಲ್ಲೇ ಒಡೆದೆವು. ಭಾರವಾದ ಉಕ್ಕು, ಹಿತ್ತಾಳೆಯ ಅಂಚು, ಕೆನ್ನೆಗೆ ಮುಚ್ಚಳ, ಎಲ್ಲ ಭರ್ಜರಿ. ಮೊದಲನೆಯದನ್ನು ಡಾಕ್ಟರು ತಲೆಗಿಟ್ಟು ಕನ್ನಡಿಯ ಮುಂದೆ ನಿಂತಾಗ, ಹಿಂದೆ ಕುತ್ತಿಗೆಯ ಹತ್ತಿರ ಅಂಟಿಸಿದ್ದ ಸಣ್ಣ ಚೀಟಿಯನ್ನು ಇಸ್ಮಾಯಿಲ್ ಬ್ಯಾರಿ ನಿಧಾನಕ್ಕೆ ಓದಿದರು. "ಮೇಡ್ ಇನ್ ಇಂಡಿಯಾ." ಡೆಹ್ರಾಡೂನಿನಲ್ಲಿ ತಯಾರಾಗಿ, ಯುರೋಪಿಗೆ ಹೋಗಿ, ಅಲ್ಲಿಂದ ನಮ್ಮಲ್ಲಿಗೆ ಬಂದಿತ್ತು. ನಮ್ಮ ಹಾಗೆಯೇ ಅದೂ ಪರದೇಶ ತಿರುಗಿ ಕುವೈತಿಗೆ ಬಂದು ಬಿದ್ದಿದೆ ಎಂದು ನನಗೆ ಸ್ವಲ್ಪ ಪ್ರೀತಿಯೇ ಬಂತು. ಡಾಕ್ಟರು ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡು, "ಪ್ರೊಫೆಸರ್ ಮುಂದೆ ಈ ಸುದ್ದಿ ಬೇಡ" ಎಂದರು.

ನನ್ನ ದೊಡ್ಡ ಎಡವಟ್ಟು ಕತ್ತಿಯದ್ದು. ಒರೆಯನ್ನು ಸೊಂಟಪಟ್ಟಿಗೆ ಕಟ್ಟುವ ಕೊಂಡಿಯನ್ನು ಬಲಬದಿಗೆ ಇಡಬೇಕು ಎಂದು ಡಾಕ್ಟರು ಚಿತ್ರದಲ್ಲಿ ತೋರಿಸಿದ್ದರು. ಬಲಗೈಯಲ್ಲಿ ಕತ್ತಿ ಎಳೆಯುವವನು ಎಡಗಡೆ ಕಟ್ಟಬೇಕು ಎಂದು ನಮ್ಮ ಕಡೆ ಯಾವ ಮಗುವಿಗೂ ಗೊತ್ತು. ನಾನು ಸಾವಿರ ರಾಜರಿಗೆ ಕತ್ತಿ ಕಟ್ಟಿದವನು. ಚಿತ್ರ ಬರೆದವನಿಗೆ ಎಡಬಲ ತಪ್ಪಿದೆ ಎಂದುಕೊಂಡು, ಉಪಕಾರ ಮಾಡುವ ಮನಸ್ಸಿನಿಂದ, ಎಂಟನ್ನೂ ಎಡಕ್ಕೆ ಹೊಲಿದೆ. ಕ್ಯಾಂಪಿಗೆ ವಾರವಿರುವಾಗ ಎಂಟೂ ಜನ ಅಂಗಡಿಗೆ ಬಂದು ಕಟ್ಟಿಕೊಂಡು ಸಾಲಾಗಿ ನಿಂತರು. ಡಾಕ್ಟರು ತಲೆಯ ಮೇಲೆ ಕೈಯಿಟ್ಟುಕೊಂಡರು. ರೋಮನ್ ಪಡೆಯಲ್ಲಿ ಸಾಮಾನ್ಯ ಸೈನಿಕ ಕತ್ತಿಯನ್ನು ಬಲಕ್ಕೆ ಕಟ್ಟುತ್ತಾನಂತೆ. ಎಡಕ್ಕೆ ಕಟ್ಟುವವನು ನೂರು ಜನರ ಮೇಲಿನ ಅಧಿಕಾರಿ.

"ಎಂಟು ಜನರ ಡೇರೆಯಲ್ಲಿ ಎಂಟೂ ಜನ ಅಧಿಕಾರಿಗಳಾ!" ಎಂದರು.

ಇಸ್ಮಾಯಿಲ್ ಬ್ಯಾರಿ ನನ್ನ ಕಿವಿಯಲ್ಲಿ, "ಇಲ್ಲಿಯ ಆಫೀಸಿನ ಹಾಗೆ ಆಯ್ತು, ಎಲ್ಲ ಮ್ಯಾನೇಜರ್, ಕೆಲಸಕ್ಕೆ ಜನ ಇಲ್ಲ" ಎಂದರು. ನಗಲು ಧೈರ್ಯವಿರಲಿಲ್ಲ. ಕೊಂಡಿಗಳನ್ನು ಬಿಚ್ಚಿ ಬಲಕ್ಕೆ ಹಾಕುವಾಗ ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪಾದರೆ ಕಲಿಯಬಹುದು. ನಾನು ಗೊತ್ತಿದೆ ಎಂದುಕೊಂಡದ್ದರಿಂದಲೇ ಇಬ್ಬರ ಅನ್ನಕ್ಕೆ ಕಲ್ಲು ಬೀಳುವುದರಲ್ಲಿತ್ತು. ನಿಮಗೂ ಕೈಪಳಗಿದ ಕಡೆಯಲ್ಲೇ ಎಡವಟ್ಟಾಗುತ್ತದೆ, ನೋಡಿಕೊಳ್ಳಿ.

ಕ್ಯಾಂಪಿನ ದಿನ ಬಂತು. ಚಳಿಗಾಲದಲ್ಲಿ ಇಲ್ಲಿಯವರು ಮರಳುಗಾಡಿಗೆ ಹೋಗಿ ಡೇರೆ ಹಾಕುವುದು ವಾಡಿಕೆ. ಜನರೇಟರ್, ಟೀವಿ, ಫ್ರಿಜ್ಜು, ಮಕ್ಕಳಿಗೆ ಮರಳಿನಲ್ಲಿ ಓಡಿಸುವ ಬೈಕು, ಏನಿಲ್ಲ ಅಲ್ಲಿ! ಆ ಸದ್ದುಗದ್ದಲದ ನಡುವೆ ಒಂದು ಚರ್ಮದ ಡೇರೆ. ಮುಂದೆ ಎಂಟು ರೋಮನ್ನರು. ಪಕ್ಕದ ಡೇರೆಯವರು ಇವರನ್ನು ಯಾವುದೋ ಪಾಸ್ತಾ ಕಂಪನಿಯ ಜಾಹೀರಾತು ಎಂದು ತಿಳಿದು, ಸ್ಯಾಂಪಲ್ ಕೇಳಲು ಮಕ್ಕಳನ್ನು ಕಳಿಸಿದ್ದರು. ನಾನು, ಇಸ್ಮಾಯಿಲ್ ಬ್ಯಾರಿ ಇಬ್ಬರೂ ಬೂ ಫೈಸಲ್ ಜೊತೆ ಅವರ ಕಾರಿನ ಹತ್ತಿರ ನಿಂತಿದ್ದೆವು. ಏನಾದರೂ ಹರಿದರೆ ಹೊಲಿಯಲು ದಬ್ಬಳ, ದಾರ ನನ್ನ ಜೇಬಿನಲ್ಲಿತ್ತು.

ಪ್ರೊಫೆಸರ್ ತೆಳ್ಳಗಿನ ಮನುಷ್ಯ. ಮಾತು ಕಡಿಮೆ, ಮೂಗು ಉದ್ದ. ಒಬ್ಬೊಬ್ಬರ ಹತ್ತಿರವೂ ನಿಂತು ಬಗ್ಗಿ ನೋಡಿದರು. ಕವಚದ ಒಳಗಿನ ಪಟ್ಟಿ ಎಳೆದರು. ಅಂಗಿಯ ಅಂಚು ಮಗುಚಿದರು. ಚಪ್ಪಲಿಯ ಅಟ್ಟೆ ಎತ್ತಿಸಿ, ಕುದುರೆಗೆ ಲಾಳ ನೋಡುವ ಹಾಗೆ ಮೊಳೆ ನೋಡಿದರು. ಕತ್ತಿ ಬಲಕ್ಕಿದೆಯೇ ಎಂದು ನೋಡಿದಾಗ ನನ್ನ ಉಸಿರು ಮೇಲೆ ಹೋಗಿ ಕೆಳಗೆ ಬಂತು. ಎಲ್ಲ ಮುಗಿಸಿ ತಲೆಯಾಡಿಸಿದರು. ಡಾಕ್ಟರರ ಮುಖ ಅರಳಿತು. ಆಗ ಪ್ರೊಫೆಸರ್ ಡೇರೆಯ ಸುತ್ತ ಒಂದು ಸುತ್ತು ಹಾಕಿ ಬಂದು ಕೇಳಿದರು.

"ನಿಮ್ಮ ಆಳುಗಳು ಎಲ್ಲಿ?"

ಪ್ರೊಫೆಸರ್ ವಿವರಿಸಿದರು. ಎಂಟು ಸೈನಿಕರ ಡೇರೆಗೆ ಹೊರೆ ಹೊರುವ, ನೀರು ತರುವ, ಅಡುಗೆಯ ಕಟ್ಟಿಗೆ ಕೂಡಿಸುವ ಇಬ್ಬರು ಆಳುಗಳು ಇದ್ದೇ ಇರುತ್ತಿದ್ದರು. ಹೇಸರಗತ್ತೆಯೂ ಇರುತ್ತಿತ್ತು, ಅದನ್ನು ಬೇಕಾದರೆ ಬಿಡೋಣ. ಸೈನಿಕರೇ ಸೊಂಟಪಟ್ಟಿ ಕಟ್ಟಿಕೊಂಡು ಪಾತ್ರೆ ತೊಳೆಯುವ ಕ್ಯಾಂಪನ್ನು ತಾನು ಅಸಲಿ ಎಂದು ಒಪ್ಪಲಾರೆ. ಮುಂದಿನ ವರ್ಷ ನೋಡೋಣ ಎಂದರು.

ಮುಂದಿನ ವರ್ಷ! ಬೂ ಫೈಸಲ್‌ಗೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ. "ಏನಂತೆ?" ಎಂದು ನನ್ನನ್ನೇ ಕೇಳಿದರು. ನನಗೆ ತಿಳಿದ ಅರಬ್ಬಿಯಲ್ಲಿ, ಎಲ್ಲ ಸರಿಯಂತೆ, ಇಬ್ಬರು ಕೆಲಸದವರು ಕಡಿಮೆಯಂತೆ ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ನನ್ನನ್ನು ನೋಡಿದರು. ಇಸ್ಮಾಯಿಲ್ ಬ್ಯಾರಿಯನ್ನು ನೋಡಿದರು. ಕಾರಿನ ಹಿಂದೆ ಮಡಚಿಟ್ಟಿದ್ದ ಆ ಎರಡು ಹೆಚ್ಚಿನ ಅಂಗಿಗಳನ್ನು ನೋಡಿದರು.

"ಇವರಿದ್ದಾರಲ್ಲ. ಯಲ್ಲಾ!"

ಡಾಕ್ಟರು ನಮ್ಮ ಹತ್ತಿರ ಬಂದು ತಲೆ ತಗ್ಗಿಸಿ, "ನಿಮಗೆ ಇಷ್ಟವಿಲ್ಲದಿದ್ದರೆ ಬೇಡ" ಎಂದರು. ಅವರು ಒಳ್ಳೆಯವರೇ. ಆದರೆ ಬೇಡ ಎನ್ನುವ ಧೈರ್ಯ ಅವರಿಗೂ ಇರಲಿಲ್ಲ, ನಮಗೂ ಇರಲಿಲ್ಲ.

ಇಸ್ಮಾಯಿಲ್ ಬ್ಯಾರಿ ಮೊದಲು ಕೆಂಪಾದರು. "ನನ್ನಿಂದ ಆಗುವುದಿಲ್ಲ. ನಾವು ಚಪ್ಪಲಿ ಮಾಡಿದವರು. ಅವರ ಪಾತ್ರೆ ತೊಳೆಯುವವರಾ?" ಎಂದರು. ಅವರು ಸ್ವಲ್ಪ ಹೊತ್ತು ಮರಳನ್ನು ಕಾಲಿನಿಂದ ಕೆದರಿ, ಒಂದು ಅಂಗಿ ಎತ್ತಿಕೊಂಡರು.

"ಬನ್ನಿ ವಾಸಣ್ಣ. ಮನೆಯ ಸ್ಲ್ಯಾಬ್ ಬೀಳ್ಬೇಕಲ್ಲ. ಎರಡು ಸಾವಿರ ವರ್ಷ ಹಿಂದೆ ಹೋದ್ರೂ ನಮಗೆ ಸಿಕ್ಕಿದ್ದು ಅದೇ ವೀಸಾ."

ಕಾರಿನ ಮರೆಯಲ್ಲಿ ಅಂಗಿ ಬದಲಿಸಿದೆವು. ಮೊಣಕಾಲು ಕಾಣುತ್ತದೆಂದು ಬ್ಯಾರಿಗಳು ಅಂಗಿಯನ್ನು ಕೆಳಕ್ಕೆ ಎಳೆದೆಳೆದು ಕಟ್ಟಿದರು. ನಾನು ವಾಚು, ಕನ್ನಡಕ, ಕುತ್ತಿಗೆಯ ಚೈನು ಎಲ್ಲ ತೆಗೆದು ಬೂ ಫೈಸಲ್ ಕೈಗೆ ಕೊಟ್ಟೆ. ಆಮೇಲೆ ಇಬ್ಬರೂ ನೀರಿನ ಕೊಡ ಹೊತ್ತೆವು, ಕಟ್ಟಿಗೆ ಒಟ್ಟಿದೆವು. ಸೈನಿಕರು ರೊಟ್ಟಿ ಸುಡಲು ಹೋಗಿ ಕರಿಕು ಮಾಡುತ್ತಿದ್ದರು, ಬ್ಯಾರಿಗಳಿಗೆ ನೋಡಲಾಗದೆ ಅವರೇ ಕುಳಿತು ಸುಟ್ಟರು. ಯಾರೂ ನಮಗೆ ಏನು ಮಾಡಬೇಕೆಂದು ಹೇಳಿಕೊಡಲಿಲ್ಲ. ಹೇಳಿಕೊಡುವ ಅಗತ್ಯವೂ ಬೀಳಲಿಲ್ಲ. ಇಂಗ್ಲಿಷ್ ಮೇಷ್ಟ್ರು ನನ್ನತ್ತ ಬಟ್ಟಲು ಚಾಚಿದರು. ಅವರು ಮಾಮೂಲು ದಿನಗಳಲ್ಲಿ ಥ್ಯಾಂಕ್ಯೂ ಹೇಳದೆ ಸೂಜಿ ಕೂಡ ತೆಗೆದುಕೊಳ್ಳದವರು. ಅಂದು ಹೇಳಲಿಲ್ಲ. ಆ ಕಾಲದಲ್ಲಿ ಹೇಳುತ್ತಿರಲಿಲ್ಲವೇನೋ.

ಪ್ರೊಫೆಸರ್ ದೂರ ನಿಂತು ನೋಡುತ್ತಿದ್ದರು. ಮುಖದ ಗಂಟು ಮೊದಲ ಸಲ ಸಡಿಲಾಯಿತು. ಡಾಕ್ಟರರ ಭುಜ ತಟ್ಟಿ ಹೇಳಿದರು, "ಸೈನಿಕರು ಚೆನ್ನಾಗಿದ್ದಾರೆ. ಆದರೂ ವೇಷ ಹಾಕಿದ್ದಾರೆ ಎಂದು ಗೊತ್ತಾಗುತ್ತದೆ. ಈ ಇಬ್ಬರು ಹಾಗಲ್ಲ. ಇವರ ಬೆನ್ನು ನೋಡಿ, ಕೊಡ ಇಳಿಸುವ ರೀತಿ ನೋಡಿ. ಅಥೆಂಟಿಕ್!"

ಆ ಒಂದು ಶಬ್ದಕ್ಕಾಗಿ ಎಂಟು ಜನ ಕಬ್ಬಿಣ ಹೊತ್ತಿದ್ದರು, ಸೊಂಟ ಮುರಿದುಕೊಂಡಿದ್ದರು, ಮಾತು ಬಿಟ್ಟಿದ್ದರು. ಅದು ನಮಗೆ ಸಿಕ್ಕಿತು. ಡಾಕ್ಟರು ತಡವರಿಸುತ್ತ, "ಇದನ್ನೆಲ್ಲ ಹೊಲಿದು ಮಾಡಿದ್ದೂ ಇವರೇ" ಎಂದರು. ಪ್ರೊಫೆಸರ್ ಆಶ್ಚರ್ಯಪಡಲಿಲ್ಲ. "ಸಹಜ. ಆಗಲೂ ಇಂಥ ಎಷ್ಟೋ ಕೆಲಸ ಆಳುಗಳೇ ಮಾಡುತ್ತಿದ್ದದ್ದು" ಎಂದರು.

ನನಗೆ ಸಿಟ್ಟು ಬಂತು. ಮೈಯೆಲ್ಲ ಉರಿಯುವಷ್ಟು ಬಂತು. ಅದರ ಜೊತೆಗೇ, ಪಾಸಾದೆವು ಎಂದು ಸಂತೋಷವೂ ಬಂತು. ಎರಡರಲ್ಲಿ ಯಾವುದನ್ನು ತೋರಿಸಬೇಕೆಂದು ತಿಳಿಯದೆ ಕೊಡ ಎತ್ತಿಕೊಂಡು ಇನ್ನೊಂದು ಸಲ ನೀರಿಗೆ ಹೋದೆ. ಬೂ ಫೈಸಲ್ ನನ್ನ ಕನ್ನಡಕ ಕೈಯಲ್ಲಿ ಹಿಡಿದುಕೊಂಡೇ ಮೊಬೈಲ್ ಕವರಿನವನಿಗೆ ಫೋನ್ ಮಾಡಿ, ಅಂಗಡಿ ಕೊಡುವುದಿಲ್ಲ ಎನ್ನುತ್ತಿದ್ದರು.

ಆಮೇಲಿನದ್ದು ನಿಮಗೆ ಗೊತ್ತಿರುವುದೇ. ಆರ್ಡರುಗಳು ಬಂದವು, ಈಗಲೂ ಬರುತ್ತಿವೆ. ಇಸ್ಮಾಯಿಲ್ ಬ್ಯಾರಿಯ ಮನೆಗೆ ಸ್ಲ್ಯಾಬ್ ಬಿತ್ತು, ಮೇಲೆ ಇನ್ನೊಂದು ಮಹಡಿಯೂ ಎದ್ದಿತು, ಅವರು ಊರು ಸೇರಿದರು. ಪ್ರತಿ ಚಳಿಗಾಲಕ್ಕೂ ನಾವು ಕೊಡ ಹೊತ್ತೆವು. ಅವರು ಹೋದ ಮೇಲೆ ನಾನೊಬ್ಬನೇ ಹೊತ್ತೆ. ಒಮ್ಮೆ ಕ್ಯಾಂಪಿನ ಫೋಟೋ ನೋಡಿ ಮೊಮ್ಮಗಳು, "ಅಜ್ಜ, ಯು ಆರ್ ದ ಓನ್ಲಿ ರಿಯಲ್ ಒನ್!" ಎಂದು ಕುಣಿದಳು. ಮಗಳು ಅವಳ ಕೈಯಿಂದ ಫೋಟೋ ತೆಗೆದುಕೊಂಡು ಬೇರೆ ಕೋಣೆಗೆ ಹೋದಳು. ಕ್ಯಾಂಪಿಗೆ ಹೋಗುವುದನ್ನು ನಿಲ್ಲಿಸಿ ಎಂದು ಅವಳು ಹೇಳಬಹುದಿತ್ತು, ಆದರೆ ಅವಳ ಮದುವೆ ಆ ಅಂಗಡಿಯ ದುಡ್ಡಿನಿಂದಲೇ ಆದದ್ದೆಂದು ಅವಳಿಗೂ ಗೊತ್ತಿತ್ತು.

ಯತೀಶ್, ಕೊನೆಯದಾಗಿ ಒಂದು ವಿಷಯ ನೀವು ತಿಳಿದಿರಬೇಕು. ನನ್ನ ಕುರ್ಚಿಗೆ ಊರಿನಿಂದ ಇಬ್ಬರು ಅರ್ಜಿ ಹಾಕಿದ್ದರು. ಇಬ್ಬರೂ ಹೊಲಿಗೆಯ ತುಂಡುಗಳನ್ನು, ಒಂದು ಫೋಟೋವನ್ನು ಕಳಿಸಿದ್ದರು. ನಾನು ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಿಮ್ಮದು ಚೆನ್ನಾಗಿತ್ತು, ಇನ್ನೊಬ್ಬರದ್ದು ಇನ್ನೂ ಚೆನ್ನಾಗಿತ್ತು. ಹಾಗೆಂದು ಹೇಳಿದೆ ಕೂಡ. ಬೂ ಫೈಸಲ್ ಮತ್ತು ಡಾಕ್ಟರು ಆ ಹೊತ್ತಿಗೆ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಇನ್ನೊಬ್ಬರು ದುಂಡುಮುಖದವರು, ಚಿಗುರು ಹೊಟ್ಟೆ ಇತ್ತು. ನಿಮ್ಮ ಕೆನ್ನೆ ಒಳಗೆ ಹೋಗಿದೆ, ಕೊರಳಿನ ಎಲುಬು ಎದ್ದು ಕಾಣುತ್ತದೆ. "ಕ್ಯಾಂಪಿಗೆ ಇವನೇ ಸರಿ" ಎಂದರು ಇಬ್ಬರೂ ಒಟ್ಟಿಗೆ.

ನಿಮ್ಮ ವೀಸಾ ಬರಲು ಇನ್ನೂ ಒಂದು ತಿಂಗಳು ಇದೆ. ಅಷ್ಟರೊಳಗೆ ಮನೆಯಲ್ಲಿ ತುಪ್ಪ ಹಾಕಿಸಿಕೊಂಡು ಚೆನ್ನಾಗಿ ಊಟ ಮಾಡಿ, ಮಧ್ಯಾಹ್ನ ನಿದ್ದೆ ಮಾಡಿ, ಸ್ವಲ್ಪ ಹೊಟ್ಟೆ ಬರಿಸಿಕೊಂಡು ಬನ್ನಿ.